ಯಾರೂ ಎತ್ತಿಕೊಳ್ಳದ ಊರು

ಕೊಯಮತ್ತೂರಿಗೆ ಬಂದ ಹೊಸದರಲ್ಲಿ ಆಟದ ಮೈದಾನದಲ್ಲಿ ನನ್ನ ಮಗಳು ರೇಣುಕಾ ಮುಗ್ಗರಿಸಿ ಬಿದ್ದಳು. ಸುತ್ತ ಅಷ್ಟು ಜನರಿದ್ದರು, ಒಬ್ಬರೂ ಎತ್ತಲಿಲ್ಲ. ನಾನು ಓಡಿದರೆ ತರಬೇತಿ ಕೊಡುವ ಸೆಲ್ವಿ ಟೀಚರ್ ರಟ್ಟೆ ಹಿಡಿದು ನಿಲ್ಲಿಸಿದರು. “ವಿಡುಂಗಮ್ಮಾ, ಅವಳೇ ಎಂದಿರಿಪ್ಪಾ.” ಬಿಡಿ ಅಮ್ಮಾ, ಅವಳೇ ಏಳುತ್ತಾಳೆ ಎಂದು ಅರ್ಥ. ಇವರದೇನು ಕಲ್ಲೆದೆಯೇ ಎಂದು ಮೈಯೆಲ್ಲ ಉರಿಯಿತು. ರೇಣುಕಾ ವಾಕರ್ ಹಿಡಿದು, ಜಾರಿ, ಮತ್ತೆ ಹಿಡಿದು, ಕೊನೆಗೂ ಎದ್ದು ನಿಂತಳು. ಅವಳು ತಾನೇ ಎದ್ದದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

ರೇಣುಕಾಳಿಗೆ ಸೆರೆಬ್ರಲ್ ಪಾಲ್ಸಿ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಕೈಕಾಲು ಬಿಗಿದುಕೊಂಡಿವೆ. ಬುದ್ಧಿ, ಬಾಯಿ ಎರಡೂ ಚುರುಕು. ನಮ್ಮದು ಗೋಕಾಕ ತಾಲೂಕಿನ ಮಮದಾಪುರದ ಕುರಿಗಾರರ ಮನೆತನ. ಹಿಂಡಿನ ಜೊತೆ ಊರೂರು ಸುತ್ತುವಾಗ ನಡೆಯಲಾರದ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೇರಿಸುವುದು ನಮ್ಮವರ ರೂಢಿ. ನನ್ನಪ್ಪ ಮೊಮ್ಮಗಳನ್ನೂ ಹಾಗೆಯೇ ಹೊತ್ತ. ಶಾಲೆಗೆ, ಆಸ್ಪತ್ರೆಗೆ, ಹುಡುಗರ ಕಬಡ್ಡಿ ನೋಡಲಿಕ್ಕೆ, ಎಲ್ಲದಕ್ಕೂ ಅಪ್ಪನ ಹೆಗಲು. ಆಟದ ಪಿರಿಯಡ್ಡಿನಲ್ಲಿ ಅವಳಿಗೆ ಬೇವಿನ ನೆರಳಲ್ಲಿ ಕುರ್ಚಿ ಸಿಗುತ್ತಿತ್ತು, ಆಟ ಸಿಗುತ್ತಿರಲಿಲ್ಲ.

ಗಂಡನಿಗೆ ಇಲ್ಲಿಯ ನೂಲಿನ ಗಿರಣಿಯಲ್ಲಿ ಕೆಲಸವಾಯಿತೆಂದು ಬಂದೆವು. ಇರುವುದು ‘ಲೈನ್ ವೀಡು’, ಅಂದರೆ ಒಂದೇ ಸಾಲಿನ ಒಂಟಿ ಕೋಣೆಯ ಮನೆಗಳು. ನಾನು ರೊಟ್ಟಿ ಬಡಿಯುವ ಸಪ್ಪಳಕ್ಕೆ ಪಕ್ಕದವಳು ಮೊದಮೊದಲು ಗೋಡೆ ಗುದ್ದುತ್ತಿದ್ದಳು. ಈಗ ತಟ್ಟೆ ಹಿಡಿದು ಬರುತ್ತಾಳೆ. ಊರಲ್ಲಾದರೆ ದಾರಿಯಲ್ಲಿ ಸಿಕ್ಕವರೆಲ್ಲ “ಪಾಪ, ಕೂಸಿಗೆ ಹಿಂಗ್ಯಾಕಾತವ್ವಾ” ಅನ್ನುವರು. ಇಲ್ಲಿ ಯಾರೂ ಕೇಳುವುದಿಲ್ಲ. ಮೊದಲು ಹಾಯೆನಿಸಿತು. ಆಮೇಲೆ ಯಾರಾದರೂ ಕೇಳಲಿ ಎನಿಸಿ ಅಳು ಬರುತ್ತಿತ್ತು.

ಸೆಲ್ವಿ ಟೀಚರ್ ಅವಳಿಗೆ ಬೋಚಿಯಾ ಕಲಿಸಿದರು. ಕುರ್ಚಿಯಲ್ಲಿ ಕುಳಿತೇ, ದೂರದ ಬಿಳಿ ಚೆಂಡಿನ ಹತ್ತಿರಕ್ಕೆ ನಮ್ಮ ಬಣ್ಣದ ಚೆಂಡುಗಳನ್ನು ಎಸೆಯುವ ಆಟ. ಮೊದಲ ಪಂದ್ಯ ನೋಡಲು ಅಪ್ಪ ಊರಿಂದ ರೈಲು ಹತ್ತಿ ಬಂದ. ಕೊನೆಯ ಚೆಂಡು ಚೆನ್ನಾಗಿ ಬಿದ್ದರೆ ಗೆಲುವು ಅವಳದೇ. ಎಸೆಯುವಷ್ಟರಲ್ಲಿ ಕೈ ಸೆಟೆದು ಚೆಂಡು ಕಾಲ ಬಳಿಯೇ ಬಿತ್ತು. ಅದು ಇನ್ನೂ ಉರುಳುತ್ತಿತ್ತು. ಅಷ್ಟರಲ್ಲಿ ಅಪ್ಪ ಕಂಬಳಿ ಹೆಗಲಿಗೆಸೆದು ಅಂಕಣದೊಳಗೆ ನಡೆದೇಬಿಟ್ಟ. ಚೆಂಡನ್ನೆತ್ತಿ ಬಿಳಿ ಚೆಂಡಿನ ಮಗ್ಗುಲಿಗಿಟ್ಟು, “ಆತು ತಗೋ ನನ್ನವ್ವಾ” ಎಂದು ನಕ್ಕ.

ರೇಣುಕಾ ಕಿರುಚಿದಳು. “ಮುತ್ಯಾ, ಹೊರಗ ಹೋಗು! ಮುಟ್ಟಬ್ಯಾಡ! ಇದು ನನ್ನ ಆಟ!”

ಆ ಚೆಂಡು ಲೆಕ್ಕಕ್ಕೆ ಬರಲಿಲ್ಲ. ಅವಳು ಸೋತಳು. ಸೋತು ಅತ್ತ ಮಗಳನ್ನು ಕಂಡು ಒಳಗೊಳಗೇ ನನಗೆ ಹೆಮ್ಮೆಯಾಯಿತು. ಸೋಲುವುದಕ್ಕೂ ಅವಳಿಗೆ ಇದುವರೆಗೆ ಯಾರು ಬಿಟ್ಟಿದ್ದರು? ಬಸ್ಸಿನಲ್ಲಿ ಅಪ್ಪ ಕಿಟಕಿಯಾಚೆ ನೋಡುತ್ತಲೇ ಕೇಳಿದ: “ಮರಿ ಬಿದ್ರ ಎತ್ತೂದು ತಪ್ಪೇನವ್ವಾ?” ಮರುದಿನವೇ ಊರಿಗೆ ಹೊರಟುಬಿಟ್ಟ.

ಈ ರಜೆಯಲ್ಲಿ ಮಮದಾಪುರಕ್ಕೆ ಹೋಗಿದ್ದೆವು. ಚೆಂಡಿನ ಚೀಲ ತಗೊಂಡು ಅವಳ ಹಳೆಯ ಶಾಲೆಯ ಬಯಲಿಗೆ ಹೋದರೆ, ಮಾಸ್ತರರು ಅಕ್ಕರೆಯಿಂದಲೇ ಅದೇ ಕುರ್ಚಿ ತರಿಸಿ, “ಕುಂತು ನೋಡ್ಲಿ ಬಿಡ್ರಿ, ಬಿದ್ದಗಿದ್ದರ ಕಷ್ಟ” ಎಂದರು. “ಬೀಳ್ಲಿ ಬಿಡ್ರೀ ಸರ್” ಎಂದೆ. ನನ್ನನ್ನು ಹುಚ್ಚಿಯೆಂಬಂತೆ ನೋಡಿದರು. ಕೊಯಮತ್ತೂರಲ್ಲಿ ಆಡಲು ಬಿಡುತ್ತಾರೆ, ಅವಳನ್ನು ತಮ್ಮವಳೆನ್ನುವವರಿಲ್ಲ. ಮಮದಾಪುರದಲ್ಲಿ ಊರಿಗೂರೇ ಅವಳದು, ಆಟವಿಲ್ಲ. ಎರಡೂ ಒಂದೇ ಕಡೆ ಸಿಗುವ ಊರನ್ನು ನನ್ನ ಮಗಳಿಗೆ ಕೊಡಲಾಗಲಿಲ್ಲವಲ್ಲ ಎಂದು ಸಂಕಟವಾಗುತ್ತದೆ.

ಸಂಜೆ ಅಂಗಳದಲ್ಲಿ ವಾಕರ್ ಕಲ್ಲಿಗೆ ಸಿಕ್ಕಿ ರೇಣುಕಾ ಬಿದ್ದಳು. ದಣಿದಿದ್ದಳು. ಏಳಲು ನೋಡದೆ ಎರಡೂ ಕೈ ಚಾಚಿ, “ಮುತ್ಯಾ, ಎತ್ಕೋ” ಅಂದಳು. ಪಕ್ಕದಲ್ಲೇ ನಿಂತಿದ್ದ ಅಪ್ಪ ಬಗ್ಗಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನನ್ನತ್ತ ತಿರುಗಿ, “ಎತ್ತಲೇನವ್ವಾ?” ಎಂದು ಕೇಳಿದ.