ಎಡಗೈ ಗಂಟು

ದೆವ್ವ, ಶಕುನ, ಕನಸಿನಲ್ಲಿ ಬಂದು ಬುದ್ಧಿ ಹೇಳಿದ ಅಜ್ಜ, ಇಂಥ ಕಥೆಗಳನ್ನು ಕೇಳಿ ನಗುವವರಲ್ಲಿ ನಾನೇ ಮೊದಲಿಗ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವನು. ಲೆಕ್ಕಕ್ಕೆ ಸಿಗದ್ದು ಈ ಲೋಕದಲ್ಲಿ ಏನೂ ಇಲ್ಲ ಎಂಬ ಜಂಬ ಬೇರೆ. ಆಮೇಲೆ ನನಗೇ ಹೀಗೊಂದು ಆಯಿತು, ಅದೂ ಹಾಡುಹಗಲಿನಲ್ಲಿ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ನಾನಾಗ ಶಿಕಾರಿಪುರದಲ್ಲಿ ಮೇಷ್ಟ್ರು. ನಮ್ಮ ಡ್ರಿಲ್ ಮೇಷ್ಟ್ರು ಈರಪ್ಪ ಸೊರಬದ ಕಡೆಯವರು, ಹೊಸಬಾಳೆಯವರು. ಅವರ ಊರಿನಾಚೆ ಗುಡ್ಡದ ಮೇಲೊಂದು ಕೆರೆಯಿತ್ತು. ಬೇಸಿಗೆ ರಜೆಯಲ್ಲಿ ಹದಿನೆಂಟು ಹುಡುಗರನ್ನು ಕರೆದುಕೊಂಡು ಹೋಗಿ, ಅದರ ದಂಡೆಯಲ್ಲಿ ಡೇರೆ ಹಾಕಿ ಮೂರು ದಿನ ಇರಬೇಕೆಂದು ನಾವಿಬ್ಬರೂ ಯೋಜನೆ ಹಾಕಿದೆವು. ಸಂಜೆ ಶಾಲೆ ಬಿಟ್ಟಮೇಲೆ ಅದೇ ಮಾತು: ಅಕ್ಕಿ ಎಷ್ಟು ಸೇರು, ದೊಡ್ಡ ಪಾತ್ರೆ ಯಾರ ಮನೆಯಿಂದ, ಎತ್ತಿನ ಗಾಡಿ ಯಾರದು. ಈರಪ್ಪ ಎಡಚರು. ಅವರು ಹಗ್ಗಕ್ಕೆ ಹಾಕುವ ಗಂಟು ನಮ್ಮ ಗಂಟಿಗೆ ತಿರುವುಮುರುವು. ಬಿಚ್ಚಲು ಹೋದರೆ ನಮ್ಮ ಉಗುರು ಕಿತ್ತುಬರುತ್ತಿತ್ತು. ಹುಡುಗರು ಅದಕ್ಕೆ ‘ಈರಪ್ಪನ ಬೀಗ’ ಎಂದು ಹೆಸರಿಟ್ಟಿದ್ದರು.

ಜಾಗ ನೋಡಲು ಇಬ್ಬರೂ ಒಮ್ಮೆ ಹೋಗಿಬಂದೆವು. ನೀರಿನಂಚಿಗೆ ಹಸಿರು ಹುಲ್ಲು ಹಾಸಿಗೆ ಹಾಸಿದ ಹಾಗಿತ್ತು. ಡೇರೆ ಅಲ್ಲೇ ಎಂದೆ ನಾನು. ಈರಪ್ಪ ಮೇಲಿನ ಕಲ್ಲುದಿಬ್ಬ ತೋರಿಸಿದರು. “ಬೇಸಿಗೇಲಿ ಹಸಿರಾಗಿರೋ ಜಾಗ ನಂಬಬಾರದು ರೀ. ಕೆಳಗೆ ಕೆಸರಿನ ಹುದುಲು ಇರುತ್ತೆ, ದನಾನೇ ಎಳ್ಕೊಳ್ಳುತ್ತೆ,” ಅಂದರು. ನಾನು ಬಯಲಿನ ಕಡೆಯವನು. ಬೇಸಿಗೆಯಲ್ಲಿ ಹಸಿರು ಕಂಡರೆ ನಮಗೆ ಕಣ್ಣಿಗೆ ಹಬ್ಬ. ಶಾಲೆಗೆ ಬಂದಮೇಲೂ ವಾದ ನಿಲ್ಲಲಿಲ್ಲ. ಕೊನೆಗೆ ಎಲ್ಲ ಮೇಷ್ಟ್ರುಗಳ ಎದುರಿಗೇ, “ನಿಮ್ಮೂರಿನ ಹೆದರಿಕೆ ನೀವೇ ಇಟ್ಕೊಳ್ರೀ,” ಎಂದುಬಿಟ್ಟೆ. ಅವರ ಮುಖ ಚಿಕ್ಕದಾಯಿತು. ಆ ವಾರವೇ ಜ್ವರವೆಂದು ಊರಿಗೆ ಹೋದವರು ತೀರಿಕೊಂಡರು. ನಾನು ಅವರಿಗೆ ಆಡಿದ ಕೊನೆಯ ಮಾತು ಅದು.

ಶಿಬಿರವೇ ಬೇಡವೆಂದೆ. ಹುಡುಗರು ಕೇಳಲಿಲ್ಲ, ಈರಪ್ಪ ಮೇಷ್ಟ್ರ ಹೆಸರಿನಲ್ಲಾದರೂ ಹೋಗೋಣ ಸಾರ್ ಎಂದು ದುಂಬಾಲು ಬಿದ್ದರು. ಮಕ್ಕಳ ಜೀವ ನಿಮ್ಮ ಕೈಯಲ್ಲಿದೆ ಎಂದು ಹೇಳಿಯೇ ಹೆಡ್‌ಮಾಸ್ಟರು ಒಪ್ಪಿಗೆ ಕೊಟ್ಟರು.

ಹೊರಡುವ ಮುಂಚಿನ ವಾರ ಗುರುತು ಮಾಡಿ ಬರಲು ಒಬ್ಬನೇ ಹೋದೆ. ಎರಡು ದೊಡ್ಡ ಡೇರೆಗೆ ಎಂಟು ಗೂಟ, ಒಂದು ಸುರುಳಿ ಹಗ್ಗ, ಕೈಯಲ್ಲೊಂದು ಬಿದಿರು ಕೋಲು. ನಾಚಿಕೆ ಬಿಟ್ಟು ಹೇಳುತ್ತೇನೆ, ಸತ್ತವರ ಮೇಲೂ ನನ್ನ ಹಟ ಇಳಿದಿರಲಿಲ್ಲ. ಹುಲ್ಲು ಕಾಲಿಗೆ ಮೆತ್ತಗೆ ಒತ್ತಿತು, ಅಷ್ಟೇ. ಅಲ್ಲೇ ಗೂಟ ಹೊಡೆದು, ಗೂಟದಿಂದ ಗೂಟಕ್ಕೆ ಹಗ್ಗ ಕಟ್ಟಿ, ದಿಬ್ಬದ ಮೇಲಿನ ಮತ್ತಿಮರದ ನೆರಳಿನಲ್ಲಿ ಅಡ್ಡಾದೆ. ನೀರಿನ ಮೇಲೆ ಬಿಸಿಲು ಅಲುಗುತ್ತಿತ್ತು. ನೋಡುತ್ತ ನೋಡುತ್ತ ಕಣ್ಣು ಎಳೆಯಿತು. ಮೈ ಹಗುರಾಗಿ ಎಲ್ಲೋ ನಡೆಯುತ್ತಿದ್ದೇನೆ, ಪಕ್ಕದಲ್ಲಿ ಯಾರೋ ಇದ್ದಾರೆ. ಅವರು ಮಾತಾಡುವುದಿಲ್ಲ, ನನಗೂ ಮಾತು ಬೇಕೆನಿಸುವುದಿಲ್ಲ. ಇಷ್ಟು ಮಾತ್ರ ನೆನಪಿದೆ. ಅಷ್ಟು ನೆಮ್ಮದಿಯ ನಿದ್ದೆ ಈರಪ್ಪ ಹೋದಮೇಲೆ ನನಗೆ ಬಂದಿರಲಿಲ್ಲ.

ಎದ್ದು ನೋಡಿದರೆ ಹುಲ್ಲಿನ ಮೇಲೆ ಒಂದು ಗೂಟವೂ ಇಲ್ಲ. ಎಂಟೂ ನನ್ನ ಪಕ್ಕದಲ್ಲೇ, ಕಲ್ಲುದಿಬ್ಬದ ಮೇಲೆ, ಅಳತೆ ತಪ್ಪದೆ ನಿಂತಿವೆ. ಎಂಟಕ್ಕೂ ಈರಪ್ಪನ ಬೀಗ.

ಎಮ್ಮೆ ಮೇಯಿಸುತ್ತ ಅಲ್ಲೇ ಕೂತಿದ್ದ ಮುದುಕಿಯೊಬ್ಬಳನ್ನು, ಇಲ್ಲಿಗೆ ಯಾರು ಬಂದಿದ್ದರೆಂದು ಕೇಳಿದೆ.

“ಯಾರು ಬರ್ತಾರೆ ಸ್ವಾಮಿ? ನೀವೇ ಅಲ್ವಾ ಕಿತ್ತು ತಂದು ಇಲ್ಲಿ ನೆಟ್ಟಿದ್ದು? ಎಡಗೈಯಲ್ಲಿ ಎಷ್ಟು ಚುರುಕಾಗಿ ಗಂಟು ಹಾಕಿದ್ರಿ! ಒಳ್ಳೇದೇ ಮಾಡಿದ್ರಿ ಬಿಡಿ. ಹೋದ ವರ್ಷ ನಮ್ಮ ಕರು ಅಲ್ಲೇ ಹೋಯ್ತು,” ಎಂದು ಹುಲ್ಲಿನ ಕಡೆ ಕೈ ತೋರಿಸಿದಳು.

ಇಳಿದು ಹೋಗಿ ಬಿದಿರು ಕೋಲನ್ನು ಹುಲ್ಲಿನಲ್ಲಿ ಒತ್ತಿದೆ. ಮೊಸರಿಗೆ ಇಳಿದ ಹಾಗೆ ಇಳಿಯಿತು, ನನ್ನೆತ್ತರದ ಕೋಲು ಹಿಡಿಯಷ್ಟು ಉಳಿಯಿತು. ಮೇಲಿನ ಬೇರಿನ ಹೆಣಿಗೆ ನನ್ನೊಬ್ಬನ ಭಾರವನ್ನಷ್ಟೇ ತಡೆದಿತ್ತು. ಹದಿನೆಂಟು ಹುಡುಗರ ಮುಖ ಕಣ್ಣೆದುರು ಬಂತು. ನನ್ನ ಎಡಗೈಯಲ್ಲಿ ಹಗ್ಗ ಉಜ್ಜಿದ ಕೆಂಪು ಗೆರೆಗಳಿದ್ದವು. ನಾನು ಬಲಗೈಯವನು.

ನಿದ್ದೆಯಲ್ಲಿ ನಡೆದಿರಬಹುದು ಎನ್ನುತ್ತೀರಿ. ನಾನೂ ಹಾಗೆಯೇ ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಎಚ್ಚರದಲ್ಲಿ ಈರಪ್ಪನವರಿಂದ ಎಷ್ಟೋ ಸಲ ಹೇಳಿಸಿಕೊಂಡರೂ ಬಾರದ ಗಂಟು ನಿದ್ದೆಯಲ್ಲಿ ಹೇಗೆ ಬಂತು?

ಶಿಬಿರ ದಿಬ್ಬದ ಮೇಲೆ, ಅದೇ ಗೂಟಗಳಿಗೆ ಡೇರೆ ಕಟ್ಟಿ ನಡೆಯಿತು. ಹುಲ್ಲಿನ ಕಡೆ ಒಬ್ಬನನ್ನೂ ಇಳಿಯಗೊಡಲಿಲ್ಲ. ಕೊನೆಯ ದಿನ ಹುಡುಗರಿಗೆ ಆ ಗಂಟು ಬಿಚ್ಚಲಾಗಲಿಲ್ಲ. ಒಬ್ಬ ಕುಡುಗೋಲು ತಂದ, ಬೇಡವೆಂದೆ. ಅವರೆಲ್ಲ ಗಾಡಿಗೆ ಸಾಮಾನು ಹೇರಲು ಹೋದಾಗ ಗೂಟದ ಮುಂದೆ ಕೂತು, “ನೀವು ಹೇಳಿದ್ದೇ ಸರಿ ರೀ. ತಪ್ಪಾಯ್ತು,” ಅಂದೆ. ಎಡಗೈ ತಾನಾಗಿ ಮುಂದೆ ಹೋಯಿತು. ಒಂದೇ ಎಳೆತಕ್ಕೆ ಗಂಟು ಸಡಿಲವಾಯಿತು.

ಏಳು ಗಂಟು ಹಾಗೆಯೇ ಬಿಚ್ಚಿದೆ. ಎಂಟನೆಯದಕ್ಕೆ ಮನಸ್ಸು ಬರಲಿಲ್ಲ, ಅದರ ಹಗ್ಗ ಕತ್ತರಿಸಿ ಗೂಟದ ಸಮೇತ ಮನೆಗೆ ತಂದೆ. ಈಗಲೂ ಟ್ರಂಕಿನಲ್ಲಿದೆ. ಎದುರಿಗಿಟ್ಟುಕೊಂಡು ಅಂಥದೇ ಒಂದು ಹಾಕಲು ಎಷ್ಟೋ ಸಲ ಕೂತಿದ್ದೇನೆ. ಎಡಗೈಯಲ್ಲಿ ಅಂಗಿಯ ಗುಂಡಿ ಹಾಕಲೂ ನನಗೆ ಬರುವುದಿಲ್ಲ.