ನಪಾಸಾಗದೆ ಬಂದ ಡಾಕ್ಟರೇಟು

ಮೋಸದ ಫೋನುಗಳ ವಿಷಯದಲ್ಲಿ ನಾನು ಭಾರಿ ಹುಷಾರಿ ಮನುಷ್ಯ ಎಂದು ಬೆಳಗಾವಿಯ ಆಟೋ ನಗರದಲ್ಲಿ ನನಗೊಂದು ಹೆಸರಿದೆ. ಆ ಹೆಸರನ್ನು ಹಬ್ಬಿಸಿದವನೂ ನಾನೇ. ನಾನು ಸ್ಟೋರ್ ಕೀಪರಾಗಿರುವ ಕಾರ್ಖಾನೆಯಲ್ಲಿ ಚಹಾದ ಹೊತ್ತಿಗೆ ವೆಲ್ಡರು, ಫಿಟ್ಟರುಗಳನ್ನೆಲ್ಲ ಕೂಡಿಸಿ, “ಓಟಿಪಿ ಅಂದ್ರ ಮನಿ ಕೀಲಿಕೈ ಇದ್ದಂಗ್ರಿ, ಯಾರಿಗೂ ಕೊಡಬ್ಯಾಡ್ರಿ” ಎಂದು ಭಾಷಣ ಮಾಡುತ್ತೇನೆ. ಅವರ ಬ್ಯಾಂಕಿನ ಅರ್ಜಿ, ವಿಮೆಯ ಅರ್ಜಿ ತುಂಬಿಕೊಡುವುದೂ ನಾನೇ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಬಿ.ಎ. ಎಂಬುದನ್ನು ಮದುವೆಯ ಪತ್ರಿಕೆಯಲ್ಲಷ್ಟೇ ಅಲ್ಲ, ಗ್ಯಾಸಿನ ಪುಸ್ತಕದ ಮೇಲೂ ಹೆಸರಿನ ಜೊತೆ ಬರೆದುಕೊಂಡವನು. ಇಂಥವನು ಹೋದ ವರ್ಷ ಎಡವಿದ್ದು ಎಲ್ಲಿ ಎಂದು ಹೇಳಿದರೆ ನೀವು ನಗುತ್ತೀರಿ. ನಗಿರಿ, ಈಗ ನನಗೂ ನಗು ಬರುತ್ತದೆ.

ಅದಕ್ಕೂ ಮೊದಲು ನಮ್ಮ ಬಾಡಿಗೆ ಮನೆಯ ಮಾಲೀಕರಾದ ಪದ್ಮಣ್ಣ ಕಾಕಾ ಅವರ ಸಂಗತಿ ಹೇಳಬೇಕು. ಕಾಕಾ ಜೈನರು. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಿ, ಎಂಟು ಗಂಟೆಗೆ ದೀಪ ಆರಿಸುವವರು. ಒಂದು ಮಧ್ಯಾಹ್ನ ಅವರಿಗೆ ಫೋನು ಬಂತು. ಬಿಲ್ಲು ಬಾಕಿಯಿದೆಯಂತೆ, ಕಳಿಸಿದ ಲಿಂಕು ಒತ್ತದಿದ್ದರೆ ಇವತ್ತು ರಾತ್ರಿ ಒಂಬತ್ತೂವರೆಗೆ ಕರೆಂಟು ಕಟ್ ಅಂತೆ.

“ಒಂಬತ್ತೂವರಿಗೇನ್ರಿ?” ಎಂದರು ಕಾಕಾ. “ಅಷ್ಟೊತ್ತಿಗೆ ನಂದು ಒಂದು ನಿದ್ದೀನೂ ಆಗಿರ್ತೈತಿ. ತಗೀರಿ. ಮುಂಜಾನೆ ನೀರಿನ ಮೋಟರ್ ಹಚ್ಚೂ ಹೊತ್ತಿಗೆ ಕೊಟ್ರ ಸಾಕು.”

“ಅಂಕಲ್, ಮನೆಯೆಲ್ಲಾ ಕತ್ತಲಾಗುತ್ತೆ!”

“ರಾತ್ರಿ ಅಂದ್ರ ಕತ್ತಲೀನ ಇರ್ತೈತೆಪಾ.”

ಆ ಕಡೆಯವನು ಸೋತು ಫೋನಿಟ್ಟ. ಮೋಸಗಾರನಿಗೆ ಮೊದಲು ಬೇಕಾಗುವುದು ನಮ್ಮ ಹಸಿವಿನದೋ ಭಯದ್ದೋ ವಿಳಾಸ. ಕತ್ತಲೆಯ ಭಯವನ್ನು ಕಾಕಾ ಅವರಿಗೆ ಮಾರಲು ಬಂದವನಿಗೆ ಆ ವಿಳಾಸ ತಪ್ಪಿತ್ತು. ನನ್ನದು ಮಾತ್ರ ಯಾರಿಗೋ ಸರಿಯಾಗಿಯೇ ಸಿಕ್ಕಿತು.

ಪತ್ರಿಕೆಗಳಿಗೆ ವಾಚಕರ ಪತ್ರ ಬರೆಯುವ ಚಟ ನನಗಿದೆ. ಗಟಾರು, ಬೀದಿ ದೀಪ, ಬಸ್ಸಿನ ವೇಳೆ, ಯಾವುದನ್ನೂ ಬಿಟ್ಟವನಲ್ಲ. ಒಂದು ದಿನ ಬಹಳ ಮೃದುವಾದ ದನಿಯೊಂದು ಫೋನಿನಲ್ಲಿ, “ಸರ್, ತಮ್ಮ ಸಮಾಜಸೇವೆಯನ್ನು ಗುರುತಿಸಿ ನಮ್ಮ ವಿಶ್ವವಿದ್ಯಾಲಯ ತಮಗೆ ಗೌರವ ಡಾಕ್ಟರೇಟ್ ಕೊಡಬೇಕೆಂದಿದೆ” ಎಂದಿತು. ಆ ವಿಶ್ವವಿದ್ಯಾಲಯದ ಹೆಸರಿನಲ್ಲಿ ಅಂತಾರಾಷ್ಟ್ರೀಯ, ಜಾಗತಿಕ, ವಿಶ್ವ ಎಂಬ ಮೂರೂ ಶಬ್ದಗಳಿದ್ದವು. ಎಲ್ಲಿದೆ ಎಂದು ಕೇಳುವಷ್ಟು ತಲೆ ಆಗ ಓಡಲಿಲ್ಲ. ಸಮಾರಂಭ ಗೋವಾದ ಹೋಟೆಲಿನಲ್ಲಿ. ಕಪ್ಪು ನಿಲುವಂಗಿ, ಟೊಪ್ಪಿಗೆ ಅವರವೇ. ನಾನು ಕೊಡಬೇಕಾದದ್ದು ಸಣ್ಣದೊಂದು ದೇಣಿಗೆ, ಮತ್ತು ಪರಿಶೀಲನೆಗಾಗಿ ನನ್ನ ಬಿ.ಎ. ಪ್ರಮಾಣಪತ್ರದ ಅಸಲು ಪ್ರತಿ. ಎರಡು ದಿನದೊಳಗೆ ಕೊರಿಯರ್ ಮಾಡಬೇಕು.

ಬಿ.ಎ.ದಲ್ಲಿ ಇತಿಹಾಸ ಓದಿದವನು ನಾನು. ಹಳೆಯ ಶಾಸನಗಳಲ್ಲಿ ಅರ್ಧ ಕಲ್ಲು ರಾಜನ ಬಿರುದುಗಳಿಗೇ ಹೋಗುತ್ತದೆ, ಅವನು ದಾನ ಕೊಟ್ಟ ಹೊಲದ ಮಾತು ಬರುವುದು ಎಲ್ಲೋ ಕೊನೆಗೆ. ಓದುವಾಗ ನಗು ಬರುತ್ತಿತ್ತು. ಈಗ ಅನಿಸುತ್ತದೆ, ಪಾಪ, ಆ ರಾಜರ ಆಸ್ಥಾನಕ್ಕೂ ಇಂಥದೊಂದು ಮೃದುವಾದ ದನಿ ಬಂದಿರಬೇಕು. ಆ ದಿನ ಮಾತ್ರ ನಾನು ಕಾಗದದ ಮೇಲೆ ನನ್ನ ಹೆಸರಿನ ಮೊದಲು ‘ಡಾ.’ ಎಂದು ಹತ್ತಾರು ಸಲ ಬರೆದು, ಯಾವುದು ಚೆಂದ ಕಾಣುತ್ತದೆಂದು ನೋಡುತ್ತ ಕುಳಿತಿದ್ದೆ.

ಒಂದೇ ತೊಡಕು. ಅಸಲು ಪ್ರಮಾಣಪತ್ರ ನನ್ನ ಹತ್ತಿರ ಇರಲಿಲ್ಲ. ಬಾಡಿಗೆ ಮನೆಗಳು ಮಳೆಗಾಲದಲ್ಲಿ ಸೋರುತ್ತವೆಂದು ಅದನ್ನು ಗುಂಜಿಯಲ್ಲಿ ಅಕ್ಕನ ಟ್ರಂಕಿನಲ್ಲಿ, ಅವಳ ಮದುವೆಯ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೆ. ನಾವು ಹುಟ್ಟಿದ ಊರೂ ಅದೇ, ಅವಳನ್ನು ಕೊಟ್ಟ ಊರೂ ಅದೇ. ಮರುದಿನ ರಜೆ ಹಾಕಿ ರೈಲು ಹತ್ತಿದೆ. ಖಾನಾಪುರ ಬರುವುದರೊಳಗೆ ಡಬ್ಬಿಯಲ್ಲಿದ್ದ ಪರಿಚಯದವರಿಗೆಲ್ಲ ಕನ್ನಡದಲ್ಲೂ ಮರಾಠಿಯಲ್ಲೂ ಸುದ್ದಿ ಹೇಳಿ ಮುಗಿಸಿದ್ದೆ.

ಅಕ್ಕ ಅಂಗಳದಲ್ಲಿ ಕೂತು ಅಕ್ಕಿ ಕೇರುತ್ತಿದ್ದಳು. ನಾನು ಬಂದ ಕಾರಣ ಕೇಳಿ ಮೊರ ಕೆಳಗಿಟ್ಟಳು.

“ಡಾಕ್ಟರೇಟಂದ್ರ ಬಿ.ಎ.ಕಿಂತ ದೊಡ್ಡದೇನು?”

“ಭಾಳ ದೊಡ್ಡದಕ್ಕಾ.”

“ಪರೀಕ್ಷಾ ಯಾವಾಗ ಬರದಿ?”

“ಇದಕ್ಕ ಪರೀಕ್ಷಾ ಇಲ್ಲ. ಗೌರವಕ್ಕಂತ ಕೊಡ್ತಾರ.”

“ಮತ್ತ ಎಷ್ಟು ಸಲ ನಪಾಸಾದಿ?”

“ಪರೀಕ್ಷಾನ ಇಲ್ಲಂದಮ್ಯಾಲೆ ನಪಾಸ ಹೆಂಗಾಗ್ಲಿ?”

ಅಕ್ಕ ನನ್ನ ಮುಖವನ್ನೇ ನೋಡಿದಳು. “ಸಣ್ಣದಕ್ಕ ಮೂರು ಸಲ ನಪಾಸಾದಾಂವ ನೀ. ದೊಡ್ಡದು ಒಮ್ಮಿನೂ ನಪಾಸಾಗಲಾರದ ಬಂತಂದ್ರ ಅದು ನಿಂದಲ್ಲೋ ತಮ್ಮಾ. ಯಾರದೋ ತಪ್ಪಿ ನಿನ್ನ ಹೆಸರಿಗೆ ಬಂದೈತಿ.”

ಮೂರು ಸಲ ಎಂಬುದು ಖರೇ. ಇಂಗ್ಲಿಷಿನಲ್ಲಿ. ಪ್ರತಿ ಸಲವೂ ಬೆಳಗಿನ ರೈಲಿಗೆ ಹೊರಟಾಗ, ಸ್ಟೇಶನ್ನಿನ ದಾರಿಯಲ್ಲಿ ಕರಡಿಯ ಭಯವೆಂದು ಅಕ್ಕ ಒಂದು ತಾಟನ್ನು ಕೋಲಿನಿಂದ ಬಡಿಯುತ್ತ ನನ್ನ ಮುಂದೆ ನಡೆಯುತ್ತಿದ್ದಳು. ನಾನು ಅವಳ ಹಿಂದೆ ಇಂಗ್ಲಿಷ್ ಪದ್ಯ ಬಾಯಿಪಾಠ ಮಾಡುತ್ತ ಹೋಗುತ್ತಿದ್ದೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವಳಿಗೆ ಆ ಪದ್ಯದ ಎರಡು ಸಾಲು ಇಂದಿಗೂ ಬರುತ್ತವೆ.

“ಅವರಿಗೆ ಫೋನ್ ಹಚ್ಚು. ಪರೀಕ್ಷಾ ಇಡ್ರಿ, ಬರೀತೀನಿ ಅನ್ನು” ಎಂದಳು.

ಹಚ್ಚಿದೆ, ಅವಳಿಗೂ ಕೇಳುವಂತೆ ಸ್ಪೀಕರ್ ಹಾಕಿ. “ಸರ್, ಪರೀಕ್ಷೆ ಬರೆದೇ ತೆಗೆದುಕೊಳ್ಳುತ್ತೇನೆ. ಯಾವ ಪುಸ್ತಕ ಓದಬೇಕು ಹೇಳಿ.”

ಆ ಕಡೆಯ ಮೃದುವಾದ ದನಿ ಗಡಿಬಿಡಿಗೆ ಬಿತ್ತು. ಇಂಥ ಗಿರಾಕಿ ಅವರಿಗೆ ಸಿಕ್ಕಿರಲಿಕ್ಕಿಲ್ಲ. “ಸರ್, ಓದೋದು ಬರೆಯೋದು ಏನೂ ಬೇಡ. ದೇಣಿಗೆ ಹಾಕಿ, ಒರಿಜಿನಲ್ ಕಳಿಸಿಬಿಡಿ, ಸಾಕು.”

ಅಕ್ಕ ಫೋನಿನ ಹತ್ತಿರ ಬಗ್ಗಿದಳು. “ಅದನ್ನ ನೋಡೂದಿದ್ರ ಗುಂಜಿಗೆ ಬರ್ರಿ. ಯಾರನ್ನ ಕೇಳಿದ್ರೂ ನಮ್ಮ ಮನಿ ತೋರಸ್ತಾರ. ಕುಂತು ನೋಡಿ, ಉಂಡು ಹೋಗೀರಂತ.”

“ಮೇಡಂ, ನೀವ್ಯಾರು?”

“ನಾ ಅದನ್ನ ಕಾಯಾಕಿ.”

ಫೋನು ಕಟ್ಟಾಯಿತು. ನಾನು ಮತ್ತೆ ಹಚ್ಚಿದೆ. ಯಾರೂ ಎತ್ತಲಿಲ್ಲ. ಮೂರನೇ ಸಲ ಹಚ್ಚಿದಾಗ ನಂಬರೇ ಬಂದ್ ಆಗಿತ್ತು. ಇದು ಮೋಸವೆಂದು ಆಗ ಹೊಳೆಯಿತು. ಪ್ರಮಾಣಪತ್ರ ಉಳಿಯಿತಲ್ಲ ಎಂದು ನನ್ನ ಎದೆಯ ಮೇಲಿಂದ ಒಂದು ಮೂಟೆ ಇಳಿದಂತಾಯಿತು. ಹಿಂದೆಯೇ ನಾಚಿಕೆಯೂ ಬಂತು. ಆದರೆ ಹಗುರಾದ ಎದೆಗೆ ನಾಚಿಕೆ ಹೊರುವುದು ಅಷ್ಟು ಕಷ್ಟವಾಗಲಿಲ್ಲ.

ಆಮೇಲೆ ಕೇಳಿದೆ, ನಮ್ಮ ಬಳಗದವರೇ ಆದ ಒಬ್ಬ ನಿವೃತ್ತ ಮಾಸ್ತರರು ದೇಣಿಗೆಯನ್ನೂ ಅಸಲು ಪ್ರತಿಯನ್ನೂ ಕಳಿಸಿಬಿಟ್ಟಿದ್ದರಂತೆ. ಆ ಪ್ರತಿಯನ್ನು ಮರಳಿ ಕೊಡಲು ಆ ಮೋಸಗಾರರು ಮತ್ತೆ ಮತ್ತೆ ಹಣ ಕೇಳುತ್ತಿದ್ದರಂತೆ. ಅವರನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋಗಿ ದೂರು ಬರೆದುಕೊಟ್ಟೆ. ಬರೆಯುವಾಗ ಅನಿಸಿತು, ಎಲ್ಲಿ ‘ಮಾಸ್ತರರು’ ಎಂದಿದೆಯೋ ಅಲ್ಲಿ ನನ್ನ ಹೆಸರಿರಬಹುದಿತ್ತು.

ಆ ದಿನ ಗುಂಜಿಯಲ್ಲಿ ಫೋನು ಕಟ್ಟಾದ ಮೇಲೂ ಅಕ್ಕ ಟ್ರಂಕು ತೆರೆದಳು. ಸೀರೆಯ ಮಡಿಕೆಯಿಂದ ಪ್ರಮಾಣಪತ್ರ ತೆಗೆದು ಬಾಗಿಲ ಬೆಳಕಿಗೆ ಹಿಡಿದು, “ಇಷ್ಟು ವರ್ಷ ಕಾದೀನಿ. ಏನ್ ಬರದಾರ, ಒಮ್ಮೆ ಓದಿ ಹೇಳು” ಎಂದಳು. ಇಂಗ್ಲಿಷಿನದನ್ನು ಸಾಲು ಸಾಲಾಗಿ ಕನ್ನಡ ಮಾಡಿ ಹೇಳಿದೆ. ವಿಶ್ವವಿದ್ಯಾಲಯದ ಹೆಸರು, ನನ್ನ ಹೆಸರು, ವಿಷಯ, ವರ್ಷ, ಸಹಿ.

ಅವಳು ಕಾಗದವನ್ನು ತಿರುಗಿಸಿ ಬೆನ್ನಿನ ಕಡೆಯೂ ನೋಡಿದಳು.

“ಮೂರು ಸಲ ನಪಾಸಾಗಿದ್ದು ಎಲ್ಲಿ ಬರದಾರ?”

“ಅದನ್ನ ಬರಿಯೂದಿಲ್ಲಕ್ಕಾ.”

“ಹೌದ? ಹಂಗಾರ ಅರ್ಧಾನೂ ಬರದಿಲ್ಲ ಬಿಡು” ಎಂದು ಅಕ್ಕ ಅದನ್ನು ಮತ್ತೆ ಸೀರೆಯೊಳಗಿಟ್ಟಳು. ಆ ಕಾಗದವನ್ನು ನಮ್ಮ ಮನೆಯಲ್ಲಿ ಪೂರ್ತಿ ಓದಬಲ್ಲವನು ನಾನೊಬ್ಬನೇ ಎಂದು ಅಲ್ಲಿಯವರೆಗೆ ತಿಳಿದಿದ್ದೆ.