ಸಿಸ್ಟಮ್‌ನಲ್ಲಿಲ್ಲದ ಬಸಣ್ಣನ ಪಾನಾ

ಗೆಳೆಯರೇ, ಇವತ್ತು ನಾಚಾರಂನ ನಮ್ಮ ಕಾರ್ಖಾನೆಯ ಸ್ಟೋರಿನಲ್ಲಿ 'ಬಸಣ್ಣನ ಪಾನಾ' ಕೇಳಿದೆ. ಹೋದ ತಿಂಗಳು ನಿವೃತ್ತರಾಗಿ ರಾಯಚೂರಿಗೆ ಮರಳಿದ ಫಿಟ್ಟರ್ ಬಸಣ್ಣ, ಹಳೇ ಮಷಿನ್ನಿನ ಬೋಲ್ಟಿಗೆಂದೇ ಕೈಯಾರೆ ಮಾಡಿದ್ದ ಸ್ಪ್ಯಾನರ್ ಅದು.

ಸ್ಟೋರ್‌ಕೀಪರ್ ಶ್ರೀನು ಹೆಸರು ಟೈಪ್ ಮಾಡಿ ನೋಡಿ, "ಸಿಸ್ಟಮ್‌ಲೋ ಲೇದು ಸಾರ್" ಎಂದು ತೆಲುಗಿನಲ್ಲೇ ಇಲ್ಲವೆಂದ. ಪಾನಾ ಅವನ ಬೆನ್ನ ಹಿಂದೆಯೇ ಮೊಳೆಗೆ ನೇತಾಡುತ್ತಿತ್ತು! ತೋರಿಸಿದೆ. ತಿರುಗಿ ನೋಡಿದ, ಮತ್ತೆ ಸ್ಕ್ರೀನ್ ನೋಡಿದ, ಕೊಡಲಿಲ್ಲ.

ಸಿಟ್ಟಿನಲ್ಲಿ ಬಸಣ್ಣನಿಗೇ ಫೋನ್ ಮಾಡಿದೆ. ಅವರು ಭಾಳ ನಕ್ಕರು. "ನಾನು ಮಾಡಿದ್ದಕ್ಕ ನಂಬರ್ ಎಲ್ಲೈತೋ ತಮ್ಮಾ? ಅದಿರ್ಲಿ, ನಿಂದು ಊಟ ಆತೇನು?"

ಆಮೇಲೆ ಸುಮ್ಮನೆ ಶ್ರೀನುವಿಗೆ ನನ್ನ ಹೆಸರು ಹುಡುಕಲು ಹೇಳಿದೆ. ನಾನು ಸಿಸ್ಟಮ್‌ನಲ್ಲಿದ್ದೇನೆ, ನಂಬರ್ ಸಮೇತ. ಊಟ ಆತೇನು ಅಂತ ಕೇಳುವವರದ್ದೇ ಸ್ಟಾಕ್ ಇಲ್ಲ.